ಮಕ್ಕಳಿಗೂ ಬರುತ್ತದೆ ಕೀಲುವಾತ

(ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ರೋಗಿಗಳ ಪಾಲಕರಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಮಕ್ಕಳ ವೈದ್ಯರು ಮಾಡಿದ ಉಪನ್ಯಾಸ)



ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ರೋಗಿಯ ಸೇವೆಯೇ ಅವರ ಕಾಯಕವಾಗಿತ್ತು. ಅದೇ ದಾರಿಯಲ್ಲಿ ನಡೆಯುತ್ತಿರುವ ಈ ಆಸ್ಪತ್ರೆಯಲ್ಲಿ ಔಷಧಿಯಷ್ಟೇ ಅಲ್ಲ, ತಿಳಿವಳಿಕೆಯೂ ದಾಸೋಹವೇ. ಆದ್ದರಿಂದ ಇಂದು ಬಹಳ ಜನರಿಗೆ ತಿಳಿಯದ ಒಂದು ಕಾಯಿಲೆಯ ವಿಷಯ ಹೇಳಲು ನಿಂತಿದ್ದೇನೆ. ಅದು ಮಕ್ಕಳ ಕೀಲುವಾತ.

"ಡಾಕ್ಟರೇ, ಕೀಲುವಾತ ನಮ್ಮಂಥ ವಯಸ್ಸಾದವರ ಕಾಯಿಲೆಯಲ್ಲವೇ, ಹಾಲುಗಲ್ಲದ ಮಗುವಿಗೆ ಎಲ್ಲಿಂದ ಬಂತು?" ಎಂದು ಅಜ್ಜಿಯರು ಕೇಳುತ್ತಾರೆ. ಈ ಪ್ರಶ್ನೆಯಲ್ಲೇ ಅಪಾಯ ಅಡಗಿದೆ. ಮಕ್ಕಳಿಗೆ ಬರುವುದಿಲ್ಲ ಎಂದು ನಂಬಿಕೊಂಡಿರುವುದರಿಂದಲೇ ತಿಂಗಳುಗಟ್ಟಲೆ ತಡವಾಗುತ್ತದೆ.

ಒಂದು ಮಗುವನ್ನು ನೆನೆಸಿಕೊಳ್ಳಿ

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಐದು ವರ್ಷದ ಹೆಣ್ಣುಮಗು. ಬೆಳಿಗ್ಗೆ ಎದ್ದಾಗ ಕುಂಟುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ಸರಿಹೋಗಿ ಮಾವಿನ ತೋಪಿನಲ್ಲಿ ಓಡಾಡುತ್ತಾಳೆ. "ಅಂಗನವಾಡಿಗೆ ಹೋಗಲು ಮನಸ್ಸಿಲ್ಲ, ಅದಕ್ಕೇ ನಾಟಕ" ಎಂದು ಅಪ್ಪ ಗದರುತ್ತಾನೆ. ಮಂಡಿ ಊದಿರುವುದನ್ನು ಅಮ್ಮ ನೋಡುತ್ತಾಳೆ. ಎಲ್ಲೋ ಬಿದ್ದಿರಬೇಕು ಎಂದು ಉಳುಕು ತೆಗೆಯುವವರ ಬಳಿ ಕರೆದೊಯ್ದು ಎಣ್ಣೆ ಹಚ್ಚಿ ತೀಡಿಸುತ್ತಾರೆ. ಊತ ಹೋಗುವುದಿಲ್ಲ. ಸೊಪ್ಪಿನ ಪಟ್ಟು ಹಾಕುತ್ತಾರೆ, ಚರ್ಮ ಸುಡುತ್ತದೆ. ಯಾರೋ ಕೊಟ್ಟ ಹೆಸರಿಲ್ಲದ ಮಾತ್ರೆಯಿಂದ ನಾಲ್ಕು ದಿನ ಪವಾಡದಂತೆ ಗುಣ ಕಾಣುತ್ತದೆ. ಮಾತ್ರೆ ಮುಗಿದ ಮೇಲೆ ಮತ್ತೆ ಅದೇ ಸ್ಥಿತಿ. ಎಂಟು ತಿಂಗಳ ನಂತರ ಆಸ್ಪತ್ರೆಗೆ ಬರುವಾಗ ಮಂಡಿ ಪೂರ್ತಿ ನೀಡಲು ಬರುವುದಿಲ್ಲ, ಒಂದು ಕಣ್ಣಿನ ದೃಷ್ಟಿಯೂ ಮಸುಕಾಗಿರುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ತಡವಾಗಿ ಬರುವ ಮಕ್ಕಳ ಕಥೆ ಹೆಚ್ಚೂಕಡಿಮೆ ಹೀಗೇ ಇರುತ್ತದೆ. ಇಲ್ಲಿ ಯಾರೂ ಮಗುವಿಗೆ ಕೆಡುಕು ಬಯಸಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಆದರೆ ಕಾಲ ಕಳೆದುಹೋಯಿತು.

ಏನಿದು ಕಾಯಿಲೆ?

16 ವರ್ಷ ತುಂಬುವ ಮೊದಲು ಶುರುವಾಗಿ, ಕನಿಷ್ಠ 6 ವಾರ ಬಿಡದೆ ಇರುವ, ಬೇರೆ ಕಾರಣ ಕಂಡುಬರದ ಕೀಲಿನ ಉರಿಯೂತಕ್ಕೆ ವೈದ್ಯರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಚಿಕ್ಕದಾಗಿ ಜೆಐಎ. ಇದು ಹೊಸ ಕಾಯಿಲೆಯಲ್ಲ. 1897ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ 22 ಮಕ್ಕಳ ವಿವರ ಬರೆದು, ಇದು ದೊಡ್ಡವರ ಕೀಲುವಾತದಂತಲ್ಲ ಎಂದು ತೋರಿಸಿದರು. ಜಗತ್ತಿನ ಬೇರೆ ಬೇರೆ ಕಡೆಯ ಲೆಕ್ಕದ ಪ್ರಕಾರ ಒಂದು ಲಕ್ಷ ಮಕ್ಕಳಲ್ಲಿ 16ರಿಂದ 150 ಮಕ್ಕಳಿಗೆ ಇದು ಇರಬಹುದು.

ನಮ್ಮ ದೇಹದಲ್ಲಿ ರೋಗಾಣುಗಳ ಜೊತೆ ಹೋರಾಡುವ ಕಾವಲು ಪಡೆ ಇದೆ. ಅದನ್ನು ರೋಗನಿರೋಧಕ ಶಕ್ತಿ ಎನ್ನುತ್ತೇವೆ. ಈ ಕಾಯಿಲೆಯಲ್ಲಿ ಆ ಕಾವಲುಗಾರನೇ ದಾರಿ ತಪ್ಪಿ ಸ್ವಂತ ಮನೆಯ ಮೇಲೆ ಕೈ ಮಾಡುತ್ತಾನೆ. ಕೀಲಿನ ಒಳಪೊರೆ ಊದಿ ದಪ್ಪವಾಗುತ್ತದೆ, ಕೀಲಿನೊಳಗೆ ನೀರು ತುಂಬುತ್ತದೆ. ರಾತ್ರಿಯೆಲ್ಲ ಅಲ್ಲಾಡದೆ ಮಲಗಿದಾಗ ಕೀಲು ಬಿಗಿಯುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ. ಬೆಳಿಗ್ಗೆ ಕುಂಟಿದ ಮಗು ಮಧ್ಯಾಹ್ನ ಓಡುವುದು ಇದರಿಂದಲೇ. ಅದು ನಾಟಕವಲ್ಲ ತಾಯಿ, ಅದೇ ಕಾಯಿಲೆಯ ಗುರುತು.

ಹೀಗೇ ಬಿಟ್ಟರೆ ಮೂಳೆಯ ತುದಿಯ ಮೆದುಳೆಲುಬು ಸವೆಯುತ್ತದೆ. ಊದಿದ ಜಾಗಕ್ಕೆ ರಕ್ತ ಹೆಚ್ಚು ಹರಿಯುವುದರಿಂದ ಚಿಕ್ಕ ಮಕ್ಕಳಲ್ಲಿ ಆ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆಯುವುದೂ ಉಂಟು.

ಎಲ್ಲ ಮಕ್ಕಳಲ್ಲೂ ಒಂದೇ ಥರ ಅಲ್ಲ

ಕೆಲವರಿಗೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲುಗಳಿಗೆ, ಹೆಚ್ಚಾಗಿ ಮಂಡಿ, ಹರಡುಗಳಿಗೆ ಬರುತ್ತದೆ. ಇದು ಚಿಕ್ಕ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಕೆಲವರಿಗೆ ಐದು ಅಥವಾ ಹೆಚ್ಚು ಕೀಲುಗಳು, ಕೈಬೆರಳಿನ ಗಿಣ್ಣುಗಳೂ ಸೇರಿ, ಊದುತ್ತವೆ. ಆಗ ಮಗುವಿಗೆ ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಿಕೊಳ್ಳಲು ಕಷ್ಟ. ನಮ್ಮ ದೇಶದ ಗಂಡುಹುಡುಗರಲ್ಲಿ, ಎಂಟು ಹತ್ತು ವರ್ಷದ ಮೇಲೆ, ಹಿಮ್ಮಡಿ ನೋವು, ಸೊಂಟದ ಬಿಗಿತದಿಂದ ಶುರುವಾಗುವ ಬಗೆಯೂ ಸಾಕಷ್ಟು ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ದಿನಕ್ಕೊಮ್ಮೆ ಏರಿ ಇಳಿಯುವ ಜ್ವರ ಎರಡು ವಾರ ಮೀರಿ ಇರುತ್ತದೆ, ಜ್ವರ ಏರಿದಾಗ ಮೈಮೇಲೆ ತಿಳಿಗೆಂಪು ಗಂಧೆ ಕಾಣಿಸಿಕೊಂಡು ಮಾಯವಾಗುತ್ತದೆ. ಇಂಥ ಮಗುವಿಗೆ ಜ್ವರ ಬಿಡದೆ ಮಂಪರು ಬಂದರೆ, ಮೂಗು, ವಸಡಿನಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ತನ್ನಿ. ಜೀವಕ್ಕೆ ಅಪಾಯವಿರುತ್ತದೆ.

ನಮ್ಮ ಸೀಮೆಯಲ್ಲಿ ಇದು ತಪ್ಪಿಹೋಗುವುದೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕಾಲುನೋವು ಎಂದರೆ ಸಾಕು, "ನೀರಿನ ದೋಷ" ಎಂಬ ಮಾತು ಬರುತ್ತದೆ. ಈ ಮಾತು ಪೂರ್ತಿ ಸುಳ್ಳಲ್ಲ. ನಮಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ, ಕೊಳವೆಬಾವಿಯನ್ನೇ ನಂಬಿದ್ದೇವೆ, ಅನೇಕ ಕಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂ, ಇದು ಭಾರತೀಯ ಮಾನಕದ ಮಿತಿ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ಗಡುಸಾಗಿ ಬೆನ್ನು, ಕತ್ತು ಹಿಡಿದುಕೊಳ್ಳುತ್ತವೆ, ಕ್ಯಾಲ್ಸಿಯಂ ಸಾಲದ ಮಕ್ಕಳ ಕಾಲು ಸೊಟ್ಟಗಾಗಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ನೆನಪಿಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಮಕ್ಕಳಿಗೆ ಕೊಡಿ.

ಆದರೆ ಒಂದು ಮಂಡಿ ಮಾತ್ರ ಊದಿ, ಮುಟ್ಟಿದರೆ ಬೆಚ್ಚಗಿದ್ದು, ಬೆಳಿಗ್ಗೆ ಹೆಚ್ಚು ಬಿಗಿಯುವುದು ಫ್ಲೋರೈಡಿನ ಲಕ್ಷಣವಲ್ಲ. ಹಲ್ಲಿನಲ್ಲಿ ಪಟ್ಟೆ ಇರುವ ಮಗುವಿಗೂ ಕೀಲುವಾತ ಬರಬಹುದು. ನೀರನ್ನು ದೂರಿ ಸುಮ್ಮನಾಗಬೇಡಿ.

ಎರಡನೆಯದು ಚಿಕೂನ್‌ಗುನ್ಯ. 2006ರಲ್ಲಿ ರಾಜ್ಯದಲ್ಲಿ ಅದು ಹಬ್ಬಿದಾಗ ಊರಿಗೆ ಊರೇ ಸೊಂಟ ಬಗ್ಗಿಸಿ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಅದು ಸೊಳ್ಳೆಯಿಂದ ಬರುವುದು. ದಿಢೀರನೆ ಜ್ವರ, ಅಕ್ಕಪಕ್ಕದವರಿಗೂ ಅದೇ ತೊಂದರೆ. ಸಾಮಾನ್ಯವಾಗಿ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದೆ ಊತ ಉಳಿದರೆ ತೋರಿಸಲೇಬೇಕು.

ಮೂರನೆಯದು "ಬೆಳೆಯುವ ನೋವು". ಇದು ಸಂಜೆ ಅಥವಾ ರಾತ್ರಿ ಬರುತ್ತದೆ, ಎರಡೂ ಕಾಲಿನಲ್ಲಿರುತ್ತದೆ, ನೀವಿದರೆ ಮಗು ಮಲಗುತ್ತದೆ, ಬೆಳಿಗ್ಗೆ ಏನೂ ಇರುವುದಿಲ್ಲ. ಊತವಿಲ್ಲ, ಕುಂಟುವುದಿಲ್ಲ. ಕೀಲುವಾತ ಇದಕ್ಕೆ ತದ್ವಿರುದ್ಧ: ಬೆಳಿಗ್ಗೆಯೇ ಹೆಚ್ಚು. ಆದ್ದರಿಂದ ನಾನು ಕೈಮುಗಿದು ಹೇಳುವ ಮಾತು ಇಷ್ಟೇ: ಮಗುವನ್ನು ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನೋಡಿ. ಹಸು ಕರೆಯುವ, ಮುದ್ದೆ ತಿರುವುವ ಗಡಿಬಿಡಿಯಲ್ಲಿ ಅದೊಂದು ಐದು ನಿಮಿಷ ಮಗುವಿನ ಮೇಲೆ ಕಣ್ಣಿಡಿ.

ಕಾಯಬಾರದ ಕೀಲುನೋವು

ಎಲ್ಲದಕ್ಕೂ ಆರು ವಾರ ಕಾಯಬೇಡಿ. ಜ್ವರ ಬಂದು ಒಂದೇ ಕೀಲು ಕೆಂಪಾಗಿ, ಮುಟ್ಟಲು ಬಿಡದೆ, ಮಗು ಕಾಲೂರದಿದ್ದರೆ ಕೀಲಿನಲ್ಲಿ ಕೀವು ತುಂಬಿರಬಹುದು. ಅದೇ ದಿನ ಬನ್ನಿ, ರಾತ್ರಿಯಾದರೂ ಬನ್ನಿ.

ಮಗು ಬಿಳಿಚಿಕೊಂಡಿದ್ದರೆ, ರಾತ್ರಿ ಮೂಳೆನೋವಿನಿಂದ ಎದ್ದು ಅಳುತ್ತಿದ್ದರೆ, ತೂಕ ಇಳಿದರೆ, ಚರ್ಮದ ಮೇಲೆ ರಕ್ತದ ಚುಕ್ಕೆಗಳಿದ್ದರೆ ರಕ್ತದ ಕ್ಯಾನ್ಸರ್ ಇದೆಯೇ ಎಂದು ನೋಡಬೇಕಾಗುತ್ತದೆ. ಕ್ಷಯವೂ ಒಂದೇ ಕೀಲನ್ನು ಹಿಡಿದು ತಿಂಗಳುಗಟ್ಟಲೆ ಕೂರಬಹುದು.

ಇನ್ನೊಂದು ರುಮ್ಯಾಟಿಕ್ ಜ್ವರ. ಗಂಟಲುನೋವು ಬಂದು ಎರಡು ಮೂರು ವಾರದ ನಂತರ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ಹೃದಯಕ್ಕೂ ತೊಂದರೆ ಕೊಡುತ್ತದೆ. ಅದಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬೇಕು, ಅದನ್ನು ತಪ್ಪಿಸಬಾರದು. ಆದರೆ ಎಎಸ್‌ಒ ಎಂಬ ಒಂದು ರಕ್ತಪರೀಕ್ಷೆ ಹೆಚ್ಚಿದೆ ಎಂದಷ್ಟಕ್ಕೇ ಆ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ. ಮಾಮೂಲಿ ಗಂಟಲುನೋವಿನ ನಂತರವೂ ಅದು ಏರುತ್ತದೆ.

ಪರೀಕ್ಷೆಯಲ್ಲಿ ಏನೂ ಬರಲಿಲ್ಲವಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ. ಈ ಕಾಯಿಲೆಯನ್ನು ಹಿಡಿದುಕೊಡುವ ಒಂದೇ ಒಂದು ಪರೀಕ್ಷೆ ಇಲ್ಲ. ದೊಡ್ಡವರ ಕೀಲುವಾತದಲ್ಲಿ ನೋಡುವ ಆರ್‌ಎ ಫ್ಯಾಕ್ಟರ್ ಹೆಚ್ಚಿನ ಮಕ್ಕಳಲ್ಲಿ ಇರುವುದೇ ಇಲ್ಲ. ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಇರಬಹುದು. ವೈದ್ಯರು ಕೀಲು ಮುಟ್ಟಿ, ಮಡಚಿ, ಮಗು ನಡೆಯುವುದನ್ನು ನೋಡಿ, ನಿಮ್ಮ ಮಾತು ಕೇಳಿ, ಬೇರೆ ಕಾಯಿಲೆಗಳಿಲ್ಲವೆಂದು ಖಾತ್ರಿಮಾಡಿಕೊಂಡು ನಿರ್ಧರಿಸುತ್ತಾರೆ. ಆದ್ದರಿಂದ ಯಾವ ದಿನ ಶುರುವಾಯಿತು, ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ, ಯಾವ ಯಾವ ಮಾತ್ರೆ ನುಂಗಿಸಿದಿರಿ, ಎಲ್ಲವನ್ನೂ ಮುಚ್ಚಿಡದೆ ಹೇಳಿ. ನಾವು ಬೈಯುವುದಿಲ್ಲ.

ಕಣ್ಣು: ನೋವಿಲ್ಲದ ಅಪಾಯ

ಈ ಉಪನ್ಯಾಸದಲ್ಲಿ ಒಂದೇ ವಿಷಯ ಮನೆಗೆ ಕೊಂಡೊಯ್ಯುವುದಾದರೆ ಇದನ್ನು ಕೊಂಡೊಯ್ಯಿರಿ. ಕೀಲುವಾತವಿರುವ ಕೆಲವು ಮಕ್ಕಳಿಗೆ ಕಣ್ಣಿನೊಳಗೂ ಉರಿಯೂತವಾಗುತ್ತದೆ. ಏಳು ವರ್ಷದೊಳಗೆ ಶುರುವಾದವರಲ್ಲಿ, ಕಡಿಮೆ ಕೀಲುಗಳಿಗೆ ಬಂದವರಲ್ಲಿ, ಎಎನ್‌ಎ ಪರೀಕ್ಷೆ ಪಾಸಿಟಿವ್ ಇದ್ದವರಲ್ಲಿ ಈ ಭಯ ಹೆಚ್ಚು. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ನೋವಿಲ್ಲ. ಮಗು ಹೇಳುವುದಿಲ್ಲ, ತಾಯಿಗೆ ಕಾಣುವುದಿಲ್ಲ. ಒಳಗೊಳಗೇ ಪೊರೆ ಬೆಳೆಯುತ್ತದೆ, ಕಣ್ಣಿನ ಒತ್ತಡ ಏರುತ್ತದೆ, ದೃಷ್ಟಿ ಹೋಗುತ್ತದೆ.

ಇದನ್ನು ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿಯೇ ಹೇಳಬೇಕು. ಟಾರ್ಚ್ ಬಿಟ್ಟು ನೋಡಿದರೆ ಸಾಲದು. ಭಯ ಹೆಚ್ಚಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಬೇಕು. ಮಂಡಿ ಗುಣವಾಗಿದೆ ಎಂದು ಬಿಡಬೇಡಿ. ಮಂಡಿ ಚೆನ್ನಾಗಿರುವಾಗಲೂ ಕಣ್ಣು ಕೆಡಬಹುದು. ಸಕಾಲದಲ್ಲಿ ಕಂಡರೆ ಹನಿ ಮತ್ತು ಔಷಧಿಯಿಂದ ದೃಷ್ಟಿ ಉಳಿಸಲು ಸಾಧ್ಯ.

ಚಿಕಿತ್ಸೆ ಇದೆ

ಮೊದಲು ನೋವು, ಊತ ಇಳಿಸುವ ನ್ಯಾಪ್ರೋಕ್ಸೆನ್, ಐಬುಪ್ರೊಫೆನ್‌ನಂಥ ಔಷಧಿ ಕೊಡುತ್ತಾರೆ. ಇದನ್ನು ಬರಿಹೊಟ್ಟೆಯಲ್ಲಿ ಕೊಡಬಾರದು. ಒಂದೆರಡು ಕೀಲು ಮಾತ್ರ ಊದಿದ್ದರೆ ಕೀಲಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಇದರಿಂದ ತಿಂಗಳುಗಟ್ಟಲೆ ಆರಾಮ ಸಿಗಬಹುದು.

ಹೆಚ್ಚು ಕೀಲುಗಳಿಗೆ ಹಬ್ಬಿದ್ದರೆ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ಮತ್ತೆ ಹೇಳುತ್ತೇನೆ: ವಾರಕ್ಕೆ ಒಂದು ದಿನ ಮಾತ್ರ. ದಿನಾ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಸಂಚಕಾರ. ಸೋಮವಾರವೋ, ಸಂತೆಯ ದಿನವೋ, ಒಂದು ವಾರವನ್ನು ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಔಷಧಿಯನ್ನು ಮನೆಯಲ್ಲಿ ಒಬ್ಬರೇ ಕೊಡಿ. ಜೊತೆಗೆ ಫೋಲಿಕ್ ಆ್ಯಸಿಡ್ ಮಾತ್ರೆ ಬರೆದಿರುತ್ತಾರೆ, ಅದನ್ನು ಬಿಡಬೇಡಿ. "ಇದು ಕ್ಯಾನ್ಸರಿಗೆ ಕೊಡುವ ಔಷಧಿಯಂತೆ" ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಅಲ್ಲಿ ಕೊಡುವ ಪ್ರಮಾಣ ಬಹಳ ಹೆಚ್ಚು, ಇಲ್ಲಿ ಬಹಳ ಕಡಿಮೆ. ಇದರ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೇ ಬೇಸತ್ತು ನಿಲ್ಲಿಸಬೇಡಿ. ರಕ್ತ ಮತ್ತು ಯಕೃತ್ತಿನ ಪರೀಕ್ಷೆಗೆ ಹೇಳಿದ ದಿನ ಬನ್ನಿ. ಜ್ವರ ಬಂದರೆ, ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ, ಮಗುವಿಗೆ ಯಾವುದೇ ಲಸಿಕೆ ಹಾಕಿಸುವ ಮೊದಲು, ವೈದ್ಯರನ್ನು ಕೇಳಿ.

ಇದಕ್ಕೂ ಬಗ್ಗದಿದ್ದರೆ ಎಟನರ್ಸೆಪ್ಟ್, ಅಡಾಲಿಮುಮಾಬ್, ಟಾಸಿಲಿಜುಮಾಬ್ ಮುಂತಾದ ಬಯಾಲಾಜಿಕ್ ಇಂಜೆಕ್ಷನ್‌ಗಳಿವೆ. ಕೊಡುವ ಮೊದಲು ಕ್ಷಯವಿಲ್ಲವೆಂದು ಪರೀಕ್ಷಿಸಲೇಬೇಕು. ಬೆಲೆ ಹೆಚ್ಚು, ಆದರೂ ಕೆಲವು ನಮ್ಮ ದೇಶದಲ್ಲೇ ತಯಾರಾಗುತ್ತಿರುವುದರಿಂದ ಮೊದಲಿಗಿಂತ ಕೈಗೆಟುಕುತ್ತಿವೆ.

ಹೆಸರಿಲ್ಲದ ಮಾತ್ರೆ, ಪುಡಿಗಳ ಬಗ್ಗೆ ಎಚ್ಚರ. ನಾಲ್ಕು ದಿನದಲ್ಲಿ ಪವಾಡ ಮಾಡುವ ಪುಡಿಯಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು. ಲೆಕ್ಕವಿಲ್ಲದೆ ಕೊಟ್ಟರೆ ಮುಖ ಊದುತ್ತದೆ, ಬೆಳವಣಿಗೆ ನಿಲ್ಲುತ್ತದೆ, ರಕ್ತದ ಕ್ಯಾನ್ಸರ್ ಇದ್ದರೆ ಅದನ್ನೂ ಮರೆಮಾಚುತ್ತದೆ. ಬಹಳ ದಿನ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪುಡಿಯನ್ನು ಪೊಟ್ಟಣದ ಸಮೇತ ನಮಗೆ ತಂದು ತೋರಿಸಿ. ದೇವರಿಗೆ ಹರಕೆ ಹೊತ್ತುಕೊಳ್ಳಿ, ಬೇಡವೆನ್ನುವುದಿಲ್ಲ. ಔಷಧಿಯನ್ನು ಮಾತ್ರ ನಿಲ್ಲಿಸಬೇಡಿ.

ಮನೆಯಲ್ಲಿ, ಶಾಲೆಯಲ್ಲಿ

ಬೆಳಿಗ್ಗೆ ಬಿಸಿನೀರಿನ ಸ್ನಾನ ಮಾಡಿಸಿದರೆ ಬಿಗಿತ ಬೇಗ ಸಡಿಲವಾಗುತ್ತದೆ. ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಬೇಡಿ. ಆರಾಮವೆನಿಸಿದರೂ ಮಂಡಿ ಮಡಚಿದ ಹಾಗೇ ನಿಂತುಬಿಡುತ್ತದೆ. ಊದಿದ ಕೀಲನ್ನು ಜೋರಾಗಿ ತೀಡಬೇಡಿ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿಸಿ. ಮೂರು ಗಾಲಿಯ ಸೈಕಲ್ ತುಳಿಯುವುದು ಒಳ್ಳೆಯ ವ್ಯಾಯಾಮ. ಆಟ ನಿಲ್ಲಿಸಿ ಕೂರಿಸಬೇಡಿ.

ಆಲೂಗಡ್ಡೆ ವಾಯು, ಮೊಸರು ಶೀತ, ಅವರೆಕಾಳು ನಂಜು ಎಂದು ಮಗುವಿನ ತಟ್ಟೆ ಖಾಲಿ ಮಾಡಬೇಡಿ. ಆಹಾರದಿಂದ ಈ ಕಾಯಿಲೆ ಬರುವುದಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು, ಹಾಲು, ಮೊಸರು ಎಲ್ಲ ಕೊಡಿ. ರಾಗಿಯಲ್ಲಿ, ಹಾಲಿನಲ್ಲಿ ಇರುವ ಕ್ಯಾಲ್ಸಿಯಂ ಈ ಮಕ್ಕಳ ಮೂಳೆಗೆ ಬಹಳ ಬೇಕು.

ಶಾಲೆ ಬಿಡಿಸಬೇಡಿ. ಮೇಷ್ಟ್ರಿಗೆ ವಿಷಯ ತಿಳಿಸಿ: ಬೆಳಿಗ್ಗೆ ಸ್ವಲ್ಪ ತಡವಾಗಬಹುದು, ನೆಲದ ಮೇಲೆ ಕೂರುವುದು ಕಷ್ಟ, ಬರೆಯಲು ಹೆಚ್ಚು ಹೊತ್ತು ಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗ ಮಗುವನ್ನು ಮುಂದೆ ನಿಲ್ಲಿಸಿ ತೋರಿಸಿ.

ಇನ್ನೊಂದು ಮಾತು. "ಹೆಣ್ಣುಮಗು, ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಮದುವೆಗೆ ತೊಂದರೆ" ಎಂದು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟ ಕಾಯಿಲೆ ಮುಂದೆ ಮುರುಟಿದ ಕೈಯಾಗಿ, ಮಸುಕಾದ ಕಣ್ಣಾಗಿ ಎಲ್ಲರಿಗೂ ಕಾಣುತ್ತದೆ. ಚಿಕಿತ್ಸೆ ಪಡೆದ ಮಗು ಎಲ್ಲರಂತೆ ನಡೆದಾಡುತ್ತದೆ. ಇದು ಅಂಟುರೋಗವಲ್ಲ. ತಾಯಿಯ ಪಾಪವೂ ಅಲ್ಲ, ಬಾಣಂತನದ ಪಥ್ಯ ಕೆಟ್ಟದ್ದರಿಂದ ಬಂದದ್ದೂ ಅಲ್ಲ. ಸೊಸೆಯನ್ನು ದೂರಬೇಡಿ ಅಮ್ಮ, ಅವಳ ಜೊತೆ ನೀವೂ ಆಸ್ಪತ್ರೆಗೆ ಬನ್ನಿ.

ಎಲ್ಲಿಗೆ ಹೋಗಬೇಕು?

ಮೊದಲು ನಮ್ಮಲ್ಲಿ, ಇಲ್ಲವೇ ನಿಮ್ಮ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿ ತೋರಿಸಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇವೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕಣ್ಣಿಗೆ ಮಿಂಟೋ ಆಸ್ಪತ್ರೆ ಇವೆ. ಕೋಲಾರದಿಂದ ಬೆಂಗಳೂರು ಸುಮಾರು 70 ಕಿ.ಮೀ., ಮಾಲೂರಿನವರಿಗೆ ರೈಲೂ ಉಂಟು. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಹಳೆಯ ಚೀಟಿ, ಎಕ್ಸ್‌ರೇಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಡಿ.

ಈ ಕಾಯಿಲೆ ಎಷ್ಟು ವರ್ಷ ಇರುತ್ತದೆ ಎಂದು ಮೊದಲ ದಿನವೇ ಹೇಳಲಾಗದು. ಅನೇಕ ಮಕ್ಕಳಲ್ಲಿ ಔಷಧಿಯಿಂದ ಪೂರ್ತಿ ಶಾಂತವಾಗುತ್ತದೆ. ಕೆಲವರಲ್ಲಿ ಮತ್ತೆ ಮರುಕಳಿಸುತ್ತದೆ. ಇನ್ನು ಕೆಲವರಿಗೆ ದೊಡ್ಡವರಾದ ಮೇಲೂ ಔಷಧಿ ಬೇಕು. ಆದರೆ ಬೇಗ ಬಂದವರಿಗೂ ತಡವಾಗಿ ಬಂದವರಿಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಆ ವ್ಯತ್ಯಾಸ ಮಾಡುವವರು ನಾವಲ್ಲ, ನೀವು. ಮಗುವನ್ನು ಬೆಳಿಗ್ಗೆ ಮೊದಲು ನೋಡುವವರು ನೀವೇ ತಾನೆ?

ನಾಳೆ ಬೆಳಿಗ್ಗೆ ನಿಮ್ಮ ಮಗು, ನೆರೆಮನೆಯ ಮಗು, ಹೇಗೆ ಎದ್ದು ನಡೆಯುತ್ತದೆ ಎಂದು ಒಮ್ಮೆ ಗಮನಿಸಿ. ಕುಂಟಿದರೆ ಗದರಬೇಡಿ, ಕೈಹಿಡಿದು ಕರೆತನ್ನಿ.